ವಿಮಾನದಲ್ಲಿ ಕೂತು ಫೋನಿನಲ್ಲಿ ಮಾತಾಡಬಹುದಾ?

ಓದುಗರೊಬ್ಬರ ಪ್ರಶ್ನೆ: "ಕಳೆದ ತಿಂಗಳು ರಾತ್ರಿ ವಿಮಾನದಲ್ಲಿ ಹೊರಟಿದ್ದೆ. ಆರು ಗಂಟೆಯ ದಾರಿ. ಹಿಂದಿನ ದಿನವಷ್ಟೇ ತಂದೆಗೆ ಆಪರೇಷನ್ ಆಗಿತ್ತು. ವಿಮಾನದಲ್ಲಿ ವೈಫೈ ಇತ್ತು, ಅಕ್ಕನಿಗೆ ವಾಟ್ಸ್‌ಆ್ಯಪ್ ಕರೆ ಮಾಡಿದೆ. ಎರಡು ನಿಮಿಷವೂ ಆಗಿರಲಿಲ್ಲ, ಗಗನಸಖಿ ಬಂದು ಕರೆ ನಿಲ್ಲಿಸಿ ಅಂದರು. ಪಕ್ಕದವರಂತೂ 'ನಿಮ್ಮಿಂದ ವಿಮಾನಕ್ಕೇ ಅಪಾಯ' ಅಂತ ರೇಗಿದರು. ವಾಪಸ್ ಬರುವಾಗ ಬೇರೆ ಕಂಪನಿಯ ವಿಮಾನ. ಅಲ್ಲಿ ಒಬ್ಬರು ಮುಕ್ಕಾಲು ಗಂಟೆ ಫೋನಿನಲ್ಲಿ ಮಾತಾಡಿದರು. ಯಾರೂ ಏನೂ ಅನ್ನಲಿಲ್ಲ, ನನಗೆ ನಿದ್ದೆ ಬರಲಿಲ್ಲ. ನಿಜವಾಗಿ ಅಪಾಯ ಇದ್ದರೆ ಫೋನನ್ನು ಒಳಗೆ ಬಿಡುವುದೇಕೆ? ಇಲ್ಲದಿದ್ದರೆ ಮಾತಾಡಬೇಡಿ ಅನ್ನುವುದೇಕೆ? ಇನ್ನೊಂದು ವಿಷಯ. ವಾಪಸ್ ಬರುವಾಗ ನಾನು ಫ್ಲೈಟ್ ಮೋಡ್ ಹಾಕುವುದನ್ನೇ ಮರೆತಿದ್ದೆ ಅಂತ ಇಳಿದ ಮೇಲೆ ಗೊತ್ತಾಯಿತು. ಅವತ್ತಿನಿಂದ ಮನಸ್ಸಿಗೆ ಕಸಿವಿಸಿ."

ಮೊದಲು ಆ ಕಸಿವಿಸಿಯನ್ನು ಬಿಟ್ಟುಬಿಡಿ. ವಿಮಾನದ ರೇಡಿಯೊ ಮತ್ತು ದಾರಿ ತೋರಿಸುವ ಉಪಕರಣಗಳನ್ನು ಪರೀಕ್ಷೆ ಮಾಡುವುದೇ ನನ್ನ ಕೆಲಸ. ತುಂಬಾ ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ನೂರಾರು ಜನ ಕೂತ ಯಾವುದೇ ವಿಮಾನದಲ್ಲಿ ಫ್ಲೈಟ್ ಮೋಡ್ ಮರೆತವರು ಒಂದಿಬ್ಬರಾದರೂ ಇದ್ದೇ ಇರುತ್ತಾರೆ ಅಂತ ಅಂದುಕೊಂಡೇ ನಾವು ಕೆಲಸ ಮಾಡುವುದು. ನಿಮ್ಮ ಫೋನ್ ಅಷ್ಟು ಹೊತ್ತೂ ಟವರ್ ಹುಡುಕಿ ಹುಡುಕಿ ಬ್ಯಾಟರಿ ಖಾಲಿ ಮಾಡಿಕೊಂಡಿರುತ್ತದೆ. ಅದರಿಂದ ಆಗುವುದು ಹೆಚ್ಚಾಗಿ ಅಷ್ಟೇ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನೀವು ಕೇಳಿದ್ದು ಒಂದೇ ಪ್ರಶ್ನೆಯಂತೆ ಕಂಡರೂ ಅದರಲ್ಲಿ ಮೂರು ಇವೆ. ಫೋನಿನಿಂದ ವಿಮಾನದ ಉಪಕರಣಗಳಿಗೆ ತೊಂದರೆಯಾ? ನೆಲದ ಮೇಲಿನ ಫೋನ್ ಜಾಲಕ್ಕೆ ತೊಂದರೆಯಾ? ಪಕ್ಕದಲ್ಲಿ ಕೂತವರಿಗೆ ತೊಂದರೆಯಾ? ಜನ ಈ ಮೂರನ್ನೂ ಕಲಸಿಬಿಡುತ್ತಾರೆ. ನಿಮ್ಮ ಮೇಲೆ ರೇಗಿದವರು ಹೇಳಿದ್ದು ಮೊದಲನೆಯದನ್ನು. ಆದರೆ ಅವರಿಗೆ ಕಿರಿಕಿರಿ ಆಗಿದ್ದು ಮೂರನೆಯದರಿಂದ ಅಂತ ನನ್ನ ಊಹೆ.

ಉಪಕರಣಗಳ ವಿಷಯದಿಂದ ಶುರು ಮಾಡೋಣ. ಈ ಭಯ ಸುಮ್ನೆ ಹುಟ್ಟಿದ್ದಲ್ಲ. 1960ರ ದಶಕದ ಆರಂಭದಲ್ಲಿ ಜನ ಕೈಯಲ್ಲಿ ಹಿಡಿಯುವ ಎಫ್‌ಎಂ ರೇಡಿಯೊಗಳನ್ನು ವಿಮಾನಕ್ಕೆ ತರತೊಡಗಿದ್ದರು. ಎಫ್‌ಎಂ ಸ್ಟೇಷನ್‌ಗಳು 88ರಿಂದ 108 ಮೆಗಾಹರ್ಟ್ಸ್ ಒಳಗೆ ಬರುತ್ತವೆ. ಆದರೆ ರೇಡಿಯೊ ಕೇಳಿಸಬೇಕಾದರೆ ಅದರ ಒಳಗಿನ ಸರ್ಕ್ಯೂಟ್ ತಾನೂ ಒಂದು ತರಂಗವನ್ನು ಹುಟ್ಟಿಸಬೇಕು. ಸಾಮಾನ್ಯವಾಗಿ ಅದು ಸ್ಟೇಷನ್‌ಗಿಂತ 10.7 ಮೆಗಾಹರ್ಟ್ಸ್ ಮೇಲಿರುತ್ತದೆ. ಅಂದರೆ ನೀವು 100ರ ಸ್ಟೇಷನ್ ಹಾಕಿದರೆ ಒಳಗೆ 110.7ರ ತರಂಗ ಹುಟ್ಟುತ್ತದೆ. ಪೈಲಟ್‌ಗೆ ದಿಕ್ಕು ತೋರಿಸುವ, ರನ್‌ವೇಗೆ ನೇರವಾಗಿ ತರುವ ಸಂಕೇತಗಳು ಇರುವುದು 108ರಿಂದ 118ರ ನಡುವೆ! ಹಾಗಾಗಿ ಆಗ ಹಾಕಿದ ನಿಷೇಧಕ್ಕೆ ಗಟ್ಟಿ ಕಾರಣವೇ ಇತ್ತು. ಕಾಲ ಹೋದಂತೆ ಆ ನಿಯಮ ಉಳಿಯಿತು, ಕಾರಣ ಮರೆತುಹೋಯಿತು, ಎಫ್‌ಎಂ ರೇಡಿಯೊದ ಜಾಗಕ್ಕೆ ಲ್ಯಾಪ್‌ಟಾಪ್ ಬಂತು, ಆಮೇಲೆ ಮೊಬೈಲ್ ಬಂತು.

ಮೊಬೈಲ್ ಕೆಲಸ ಮಾಡುವ ತರಂಗಗಳೇ ಬೇರೆ. ಅವು ಈ ಸಂಕೇತಗಳ ಹತ್ತಿರಕ್ಕೂ ಬರುವುದಿಲ್ಲ. ನಮ್ಮ ಚಿಂತೆ ಇರುವುದು ಫೋನಿನಿಂದ ಅಕ್ಕಪಕ್ಕಕ್ಕೆ ಸೋರುವ ಬೇಡದ ತರಂಗಗಳ ಬಗ್ಗೆ. ಹಾಳಾದ, ಬಿದ್ದು ಒಡೆದ, ಕಳಪೆ ರಿಪೇರಿ ಆದ ಫೋನ್‌ನಲ್ಲಿ ಈ ಸೋರಿಕೆ ಜಾಸ್ತಿ. ಹಳೆಯ ಜಿಎಸ್‌ಎಂ ಫೋನನ್ನು ರೇಡಿಯೊ ಪಕ್ಕ ಇಟ್ಟರೆ ಕರೆ ಬರುವ ಮುಂಚೆ 'ಟಿಟಿಟಿ ಟಿಟಿಟಿ' ಅನ್ನುತ್ತಿತ್ತಲ್ಲ, ಅದೇ ಸದ್ದು ಪೈಲಟ್‌ಗಳ ಹೆಡ್‌ಸೆಟ್‌ನಲ್ಲೂ ಕೇಳಿಸುತ್ತದೆ. ನಾನೇ ಕೇಳಿದ್ದೇನೆ. ಸಾಮಾನ್ಯವಾಗಿ ಕಾಕ್‌ಪಿಟ್‌ನಲ್ಲೋ ಮುಂದಿನ ಸಾಲುಗಳಲ್ಲೋ ಇರುವ ಫೋನಿನಿಂದ ಬರುತ್ತದೆ. ಅದರಿಂದ ವಿಮಾನ ಬೀಳುವುದಿಲ್ಲ. ಆದರೆ ಇಳಿಯುವ ಹೊತ್ತಿನಲ್ಲಿ ಕಂಟ್ರೋಲ್ ಟವರ್‌ನವರು ಹೇಳಿದ ಒಂದು ಅಂಕಿ ಸರಿಯಾಗಿ ಕೇಳಿಸದೆ ಹೋದರೆ ಪೈಲಟ್ ಮತ್ತೆ ಕೇಳಬೇಕಾಗುತ್ತದೆ. ಕೆಲಸ ತುಂಬಿದ ಆ ಹೊತ್ತಿನಲ್ಲಿ ಅದೂ ಒಂದು ಹೊರೆಯೇ.

ಫೋನಿನಿಂದ ದೊಡ್ಡ ವಿಮಾನವೊಂದು ಬಿತ್ತು ಅಂತ ಯಾವ ತನಿಖೆಯಲ್ಲೂ ಸಾಬೀತಾಗಿಲ್ಲ. ಆದರೂ ಅನುಮಾನ ಪೂರ್ತಿ ಹೋಗದ ಒಂದು ಪ್ರಕರಣವಿದೆ. 2003ರ ಜೂನ್‌ನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಹತ್ತಿರ ಕತ್ತಲಲ್ಲಿ, ಮಂಜಿನಲ್ಲಿ ಇಳಿಯುತ್ತಿದ್ದ ಪೈಪರ್ ಎಂಬ ಸಣ್ಣ ವಿಮಾನ ರನ್‌ವೇಗೆ ಮುಂಚೆಯೇ ನೆಲಕ್ಕೆ ಬಡಿಯಿತು. ಪೈಲಟ್ ಸೇರಿ 8 ಜನ ತೀರಿಕೊಂಡರು. ಪೈಲಟ್‌ನ ಸ್ವಂತ ಫೋನ್ ಕೊನೆಯ ಕೆಲವು ನಿಮಿಷ ಕರೆಯಲ್ಲೇ ಇತ್ತು. ಅದು ಉಪಕರಣದ ಸೂಚನೆಯನ್ನು ಕೆಡಿಸಿರಬಹುದು ಎಂದು ತನಿಖೆ ಮಾಡಿದವರು ಬರೆದರು. 'ಕೆಡಿಸಿತು' ಅಂತ ಬರೆಯಲಿಲ್ಲ. ಆ 'ಇರಬಹುದು' ಅನ್ನುವ ಪದಕ್ಕೆ ನಮ್ಮ ಕ್ಷೇತ್ರದಲ್ಲಿ ತೂಕ ಜಾಸ್ತಿ.

ಇನ್ನೊಂದು ಉದಾಹರಣೆ ಇತ್ತೀಚಿನದು. ಬೋಯಿಂಗ್ 737 ಮತ್ತು 777ಗಳಲ್ಲಿ ಹಾಕಿದ್ದ ಒಂದು ಬಗೆಯ ಕಾಕ್‌ಪಿಟ್ ಪರದೆಗಳು ಪರೀಕ್ಷೆಯ ಹೊತ್ತಿನಲ್ಲಿ ವೈಫೈ ತರಂಗಕ್ಕೆ ಒಂದು ಕ್ಷಣ ಖಾಲಿಯಾದವು. ಹಾರಾಟದಲ್ಲಿ ಆಗಿದ್ದಲ್ಲ, ಪರೀಕ್ಷೆಯಲ್ಲಿ. ಆದರೂ 2014ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ, ಅಂದರೆ ಎಫ್‌ಎಎ, ಸುಮಾರು 1,300 ವಿಮಾನಗಳಲ್ಲಿ ಆ ಪರದೆಗಳನ್ನು ಬದಲಾಯಿಸಿ ಎಂದು ಆದೇಶ ಹೊರಡಿಸಿ ಐದು ವರ್ಷ ಗಡುವು ಕೊಟ್ಟಿತು. ಈ ಗಡುವನ್ನು ನೋಡಿದರೇ ವಿಷಯ ತಿಳಿಯುತ್ತದೆ. ನಾಳೆಯೇ ವಿಮಾನಗಳನ್ನು ನಿಲ್ಲಿಸುವಷ್ಟು ಅಪಾಯ ಇರಲಿಲ್ಲ, ಹಾಗಂತ ಕಣ್ಣು ಮುಚ್ಚಿಕೊಳ್ಳುವಂಥದ್ದೂ ಆಗಿರಲಿಲ್ಲ.

2013ರ ಅಕ್ಟೋಬರ್‌ನಲ್ಲಿ ಇದೇ ಎಫ್‌ಎಎ, ವಿಮಾನಗಳನ್ನು ಪರೀಕ್ಷೆ ಮಾಡಿ ತೋರಿಸಿದ ಕಂಪನಿಗಳು ಫ್ಲೈಟ್ ಮೋಡ್‌ನಲ್ಲಿರುವ ಫೋನುಗಳನ್ನು ಹತ್ತುವುದರಿಂದ ಇಳಿಯುವವರೆಗೂ ಬಿಡಬಹುದು ಎಂದಿತು. ಮರುವರ್ಷ ಯುರೋಪಿನವರು ಇನ್ನೂ ಮುಂದೆ ಹೋದರು. ಕಂಪನಿ ಸರಿಯಾಗಿ ಪರೀಕ್ಷೆ ಮಾಡಿದ್ದರೆ ಫ್ಲೈಟ್ ಮೋಡ್ ಕೂಡ ಕಡ್ಡಾಯವಲ್ಲ ಎಂದರು. ಹೊಸ ವಿಮಾನಗಳ ತಂತಿಗಳಿಗೆ, ಪೆಟ್ಟಿಗೆಗಳಿಗೆ ಅಷ್ಟು ಒಳ್ಳೆಯ ರಕ್ಷಣೆ ಇದೆ. ಆದರೆ ದಟ್ಟ ಮಂಜಿನಲ್ಲಿ ಪೂರ್ತಿ ಉಪಕರಣಗಳನ್ನೇ ನಂಬಿ ಇಳಿಯಬೇಕಾದಾಗ 'ಎಲ್ಲವನ್ನೂ ಪೂರ್ತಿ ಆಫ್ ಮಾಡಿ' ಎಂದು ಹೇಳುವುದುಂಟು. ಅಂಥ ಹಾರಾಟಗಳು ನೂರಕ್ಕೆ ಒಂದರಷ್ಟು ಅಂತ ಎಫ್‌ಎಎ ಆಗ ಹೇಳಿತ್ತು. ಆ ಮಾತು ಕೇಳಿಸಿದರೆ ಮರುಮಾತಿಲ್ಲದೆ ಆಫ್ ಮಾಡಿ. ಇಷ್ಟನ್ನು ಮಾತ್ರ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಈಗ ಎರಡನೆಯದು, ನೆಲದ ಜಾಲ. ಇದು ಹೆಚ್ಚಿನವರಿಗೆ ಗೊತ್ತೇ ಇಲ್ಲದ ಕಥೆ. ಅಮೆರಿಕದಲ್ಲಿ ಹಾರಾಟದ ಹೊತ್ತಿನಲ್ಲಿ ಸೆಲ್‌ಫೋನ್ ಬಳಸಬಾರದು ಎಂಬ ನಿಯಮ ಬಂದದ್ದು 1991ರಲ್ಲಿ. ಅದನ್ನು ಮಾಡಿದ್ದು ವಿಮಾನದ ಇಲಾಖೆ ಅಲ್ಲ, ದೂರಸಂಪರ್ಕ ನೋಡಿಕೊಳ್ಳುವ ಎಫ್‌ಸಿಸಿ. ಯಾಕೆ ಗೊತ್ತಾ? ನೆಲದ ಮೇಲೆ ನಿಂತ ಫೋನಿಗೆ ಕಟ್ಟಡ, ಮರ, ಗುಡ್ಡ ಎಲ್ಲ ಅಡ್ಡ ಬರುತ್ತವೆ. ಅದಕ್ಕೆ ಕಾಣುವುದು ಹತ್ತಿರದ ಕೆಲವೇ ಟವರ್‌ಗಳು. 10 ಕಿಲೋಮೀಟರ್ ಎತ್ತರಕ್ಕೆ ಹೋದರೆ ದಿಗಂತ 350 ಕಿಲೋಮೀಟರ್‌ಗಿಂತ ಆಚೆ ಇರುತ್ತದೆ. ಅಷ್ಟು ಅಗಲದಲ್ಲಿರುವ ಟವರ್‌ಗಳಿಗೆಲ್ಲ ಈ ಒಂದು ಫೋನ್ ಒಟ್ಟಿಗೇ ಕೂಗಿದಂತೆ ಆಗುತ್ತದೆ. ಒಂದು ಟವರ್ ಬಳಸಿದ ಚಾನಲ್ಲನ್ನೇ ದೂರದ ಇನ್ನೊಂದು ಟವರ್ ಮತ್ತೆ ಬಳಸುವುದು ಈ ಜಾಲದ ಗುಟ್ಟು. ಆಕಾಶದಿಂದ ಬಂದ ಕರೆ ಆ ಗುಟ್ಟನ್ನೇ ಕೆಡಿಸುತ್ತದೆ.

ಅಷ್ಟು ಎತ್ತರದಿಂದ ನೀವು ಬಯಸಿದರೂ ನೆಲದ ಟವರ್ ಮೂಲಕ ಮಾತಾಡುವುದು ಕಷ್ಟ. ಟವರ್‌ನ ಆಂಟೆನಾಗಳು ಕೆಳಕ್ಕೆ ಬಾಗಿರುತ್ತವೆ. ವಿಮಾನ ಸೆಕೆಂಡಿಗೆ ಸುಮಾರು 250 ಮೀಟರ್ ಓಡುತ್ತಿರುತ್ತದೆ, ಒಂದು ಟವರ್ ಕೈಗೆ ಸಿಗುವಷ್ಟರಲ್ಲಿ ಮುಂದಿನದು ಬರುತ್ತದೆ. ಸುತ್ತ ಲೋಹದ ಗೋಡೆ ಬೇರೆ. ಸಿಗ್ನಲ್ ಸಿಗದಷ್ಟೂ ಫೋನ್ ಇನ್ನೂ ಜೋರಾಗಿ ಕೂಗುತ್ತದೆ, ಅದರ ಶಕ್ತಿ ಮಿತಿಯ ತುದಿಗೆ ಹೋಗುತ್ತದೆ.

ಇದಕ್ಕೆ ಪರಿಹಾರ ಬಂದು ಬಹಳ ದಿನ ಆಯಿತು. ವಿಮಾನದ ಒಳಗೇ ಒಂದು ಪುಟ್ಟ ಟವರ್ ಇಡುತ್ತಾರೆ. ಹತ್ತಿರದಲ್ಲೇ ಟವರ್ ಇದೆ ಅಂತ ಗೊತ್ತಾದ ಫೋನ್ ದನಿ ತಗ್ಗಿಸುತ್ತದೆ. 1800 ಮೆಗಾಹರ್ಟ್ಸ್‌ನ ಜಿಎಸ್‌ಎಂ ಫೋನ್ 1 ವ್ಯಾಟ್‌ವರೆಗೆ ಕೂಗಬಲ್ಲದು, ಈ ಪುಟ್ಟ ಟವರ್ ಅದನ್ನು 1 ಮಿಲಿವ್ಯಾಟ್‌ಗೆ ಇಳಿಸುತ್ತದೆ. ಸಾವಿರದಲ್ಲಿ ಒಂದು ಪಾಲು! ಅಲ್ಲಿಂದ ಕರೆ ಉಪಗ್ರಹಕ್ಕೆ ಹೋಗಿ ನೆಲಕ್ಕೆ ಇಳಿಯುತ್ತದೆ. 2008ರ ಮಾರ್ಚ್‌ನಲ್ಲಿ ಎಮಿರೇಟ್ಸ್‌ನ ದುಬೈ–ಕಾಸಾಬ್ಲಾಂಕಾ ವಿಮಾನದಲ್ಲಿ ಪ್ರಯಾಣಿಕರು ತಮ್ಮದೇ ಮೊಬೈಲ್‌ನಿಂದ ಅಧಿಕೃತವಾಗಿ ಮಾತಾಡಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಯುರೋಪ್ ಒಕ್ಕೂಟ ಇದಕ್ಕೆ ನಿಯಮ ಮಾಡಿ 3,000 ಮೀಟರ್‌ಗಿಂತ ಮೇಲೆ ಬಿಡಬಹುದು ಎಂದಿತು. ಭಾರತದ 2018ರ ನಿಯಮಗಳಲ್ಲೂ ಇದೇ 3,000 ಮೀಟರ್ ಗಡಿ ಬಂತು.

ಹಾಗಾದರೆ ನೀವು ಕೇಳಿದ್ದಕ್ಕೆ ನೇರ ಉತ್ತರ ಇದು: ನೀವು ಮಾಡಿದ ವೈಫೈ ಕರೆಯಿಂದ ವಿಮಾನಕ್ಕೆ ಅಪಾಯ ಇರಲಿಲ್ಲ. ನೀವು ಅಕ್ಕನ ಜೊತೆ ಮಾತಾಡಿದರೂ, ಪಕ್ಕದವರು ಅದೇ ವೈಫೈನಲ್ಲಿ ವಿಡಿಯೊ ನೋಡಿದರೂ ವಿಮಾನದ ಉಪಕರಣಕ್ಕೆ ಎರಡೂ ಒಂದೇ.

ಹಾಗಿದ್ದರೂ ಗಗನಸಖಿ ಮಾಡಿದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಇಲ್ಲಿಗೆ ಮೂರನೆಯ ಪ್ರಶ್ನೆ ಬಂತು.

2013ರ ಡಿಸೆಂಬರ್‌ನಲ್ಲಿ ಎಫ್‌ಸಿಸಿ ತನ್ನ ಹಳೆಯ ನಿಷೇಧ ತೆಗೆಯೋಣವೇ ಎಂದು ಕೇಳಿತು. ತಾಂತ್ರಿಕ ಕಾರಣ ಹೋಗಿದೆ, ನಿಯಮ ಯಾಕೆ ಅನ್ನುವುದು ಅವರ ವಾದ. ಅದು ನ್ಯಾಯವಾದ ವಾದವೇ. ಆದರೆ ಪ್ರಯಾಣಿಕರು, ಗಗನಸಖಿಯರ ಸಂಘಟನೆ, ಕೆಲವು ವಿಮಾನ ಕಂಪನಿಗಳು ಎಲ್ಲರೂ ಬೇಡ ಬೇಡ ಅಂದರು. 2018ರಲ್ಲಿ ಅಮೆರಿಕದ ಸಂಸತ್ತು ಹಾರಾಟದಲ್ಲಿ ಮಾತಿನ ಕರೆಗಳನ್ನು ನಿಷೇಧಿಸುವ ನಿಯಮ ಮಾಡಿ ಎಂದು ಸಾರಿಗೆ ಇಲಾಖೆಗೆ ಕಾನೂನಿನಲ್ಲೇ ಬರೆಯಿತು. 2020ರಲ್ಲಿ ಎಫ್‌ಸಿಸಿ ತನ್ನ ಪ್ರಸ್ತಾವವನ್ನು ಕೈಬಿಟ್ಟಿತು. ಗಮನಿಸಿ, ಜನ ಹೆಚ್ಚಾಗಿ ಹೆದರಿದ್ದು ವಿಮಾನ ಬೀಳುತ್ತದೆ ಅಂತ ಅಲ್ಲ. ಪಕ್ಕದವರ ಮಾತು ಗಂಟೆಗಟ್ಟಲೆ ಕೇಳಬೇಕಲ್ಲ ಅಂತ.

ಪಕ್ಕದಲ್ಲಿ ಇಬ್ಬರು ಮಾತಾಡಿಕೊಂಡರೆ ಅಷ್ಟು ಕಾಡುವುದಿಲ್ಲ, ಒಬ್ಬರು ಫೋನಿನಲ್ಲಿ ಮಾತಾಡಿದರೆ ತಲೆ ಚಿಟ್ಟು ಹಿಡಿಯುತ್ತದೆ. ಇದು ನಿಮ್ಮ ಅಸಹನೆಯಲ್ಲ. ಅರ್ಧ ಮಾತು ಮಾತ್ರ ಕೇಳಿಸಿದಾಗ ಉಳಿದರ್ಧ ಏನಿರಬಹುದು ಅಂತ ಮಿದುಳು ಬೇಡವೆಂದರೂ ಊಹಿಸುತ್ತಲೇ ಇರುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರು 2010ರಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದ್ದಾರೆ: ಅರ್ಧ ಸಂಭಾಷಣೆ ಕೇಳಿಸಿಕೊಂಡವರ ಗಮನ ಪೂರ್ತಿ ಸಂಭಾಷಣೆ ಕೇಳಿದವರಿಗಿಂತ ಜಾಸ್ತಿ ಕೆಟ್ಟಿತ್ತು.

ಅದರ ಮೇಲೆ ಎಂಜಿನ್ನಿನ ಸದ್ದು. ಗದ್ದಲದಲ್ಲಿ ನಾವು ಗೊತ್ತಿಲ್ಲದೆಯೇ ದನಿ ಏರಿಸುತ್ತೇವೆ. ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯರು ನೂರು ವರ್ಷಕ್ಕೂ ಹಿಂದೆ ಇದನ್ನು ಗುರುತಿಸಿದ್ದರು. ಕರೆ 35,786 ಕಿಲೋಮೀಟರ್ ಎತ್ತರದ ಉಪಗ್ರಹದ ಮೂಲಕ ಹೋಗುತ್ತಿದ್ದರೆ ನಿಮ್ಮ ಮಾತು ಅಲ್ಲಿಗೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡ್ ಬೇಕೇ ಬೇಕು. ಆಗ ಏನಾಗುತ್ತದೆ? 'ಹಲೋ, ಕೇಳಿಸ್ತಾ ಇದೆಯಾ' ಅಂತ ಇಬ್ಬರೂ ಒಟ್ಟಿಗೇ ಅನ್ನುತ್ತಾರೆ, ಇಬ್ಬರೂ ನಿಲ್ಲಿಸುತ್ತಾರೆ, ಮತ್ತೆ ಇಬ್ಬರೂ ಶುರು ಮಾಡುತ್ತಾರೆ, ಪ್ರತಿ ಸಲವೂ ದನಿ ಒಂದು ಮೆಟ್ಟಿಲು ಮೇಲೆ. ಕೆಳಗೆ ಸುತ್ತುವ ಹೊಸ ಉಪಗ್ರಹಗಳಿಂದ ಈ ತಡ ತುಂಬಾ ಕಡಿಮೆಯಾಗಿದೆ. ಹಾಗಾಗಿ ಕರೆಯ ಗುಣಮಟ್ಟ ಇನ್ನು ನೆಪವಾಗಿ ಉಳಿಯುವುದಿಲ್ಲ.

ಕರೆ ಬಿಡಬೇಕು ಅನ್ನುವವರ ಕಡೆಗೂ ಒಂದು ಒಳ್ಳೆಯ ಮಾತಿದೆ, ಅದನ್ನು ಮುಚ್ಚಿಡಬಾರದು. ಕರೆಗಳಿಗೆ ಅವಕಾಶ ಕೊಟ್ಟ ದೇಶಗಳ ಅನುಭವವನ್ನು ಎಫ್‌ಎಎ 2012ರಲ್ಲಿ ಕೇಳಿ ವರದಿ ಮಾಡಿತು. ಜಗಳಗಳಾದವು, ಸಿಬ್ಬಂದಿಗೆ ಕಷ್ಟವಾಯಿತು ಅಂತ ಆ ದೇಶಗಳವರು ಹೇಳಲಿಲ್ಲ. ಕರೆಗಳೂ ಕಡಿಮೆ, ಮಾತಾಡುವ ಹೊತ್ತೂ ಕಡಿಮೆ. ನನಗೆ ಕಾಣುವ ಕಾರಣ ಇಷ್ಟೇ: ಆಗ ಕರೆ ತುಂಬಾ ದುಬಾರಿ. 1980ರ ದಶಕದಿಂದ 2006ರವರೆಗೆ ಅಮೆರಿಕದ ವಿಮಾನಗಳಲ್ಲಿ ಏರ್‌ಫೋನ್ ಎಂಬ ಸೇವೆ ಇತ್ತು, ಮುಂದಿನ ಸೀಟಿನ ಬೆನ್ನಿನಲ್ಲೇ ಫೋನ್. ಅದರ ಮೇಲೂ ಯಾರೂ ಕೂಗಾಡಲಿಲ್ಲ. ದುಡ್ಡಿನ ಮೀಟರ್ ಓಡುತ್ತಿದ್ದರೆ ಯಾರೂ ಸುಮ್ನೆ ಹರಟುವುದಿಲ್ಲ ಅಲ್ವಾ? ಈಗ ವೈಫೈಗೆ ಒಮ್ಮೆ ದುಡ್ಡು ಕೊಟ್ಟರೆ, ಕೆಲವು ಕಡೆ ಕೊಡದಿದ್ದರೂ, ಮಾತಿಗೆ ಬೇರೆ ಖರ್ಚಿಲ್ಲ. ನಿಮ್ಮ ಸಹಪ್ರಯಾಣಿಕರ ಮುಕ್ಕಾಲು ಗಂಟೆ ಬಂದದ್ದು ಹೀಗೆ.

ಅದೇ ಏರ್‌ಫೋನ್‌ನಿಂದ 2001ರ ಸೆಪ್ಟೆಂಬರ್ 11ರಂದು ಉಗ್ರರು ಅಪಹರಿಸಿದ್ದ ಯುನೈಟೆಡ್ 93 ವಿಮಾನದ ಪ್ರಯಾಣಿಕರು ಮನೆಯವರಿಗೆ ಕರೆ ಮಾಡಿದರು. ಉಳಿದ ವಿಮಾನಗಳಿಗೆ ಏನಾಯಿತು ಅಂತ ಅವರಿಗೆ ಗೊತ್ತಾಗಿದ್ದು, ಎದುರು ನಿಲ್ಲಲು ಅವರು ತೀರ್ಮಾನ ಮಾಡಿದ್ದು ಆ ಕರೆಗಳಿಂದ. ಆದ್ದರಿಂದ ಆಕಾಶದಿಂದ ಮಾತಾಡುವ ದಾರಿಯೇ ಇರಬಾರದು ಅನ್ನುವ ವಾದಕ್ಕೆ ನಾನು ಒಪ್ಪುವುದಿಲ್ಲ. ದಾರಿ ಇರಬೇಕು. ಅದನ್ನು ಯಾವಾಗ ತೆರೆಯಬೇಕು ಅನ್ನುವುದೇ ಚರ್ಚೆ.

ಪೂರ್ತಿ ಬಿಟ್ಟುಬಿಡುವುದು ಒಂದು ಆಯ್ಕೆ. ಸ್ವಾತಂತ್ರ್ಯ ಸಿಗುತ್ತದೆ, ಆದರೆ ಅದರ ಬೆಲೆ ಕೊಡುವವರು ಎದ್ದು ಹೋಗಲು ಜಾಗವಿಲ್ಲದ ಪಕ್ಕದವರು. ಬಸ್ಸಿನಲ್ಲಾದರೆ ಮುಂದಿನ ನಿಲ್ದಾಣದಲ್ಲಿ ಇಳಿಯಬಹುದು. ಜಗಳ ಬಿಡಿಸಬೇಕಾದವರು ಗಗನಸಖಿಯರು, ಅವರ ಮುಖ್ಯ ಕೆಲಸ ನಮ್ಮನ್ನು ಸುರಕ್ಷಿತವಾಗಿ ಇಡುವುದು. ಆಪತ್ತಿನಲ್ಲಿ ಅವರ ಒಂದು ಕೂಗಿಗೆ ಇಡೀ ವಿಮಾನ ಕಿವಿಗೊಡಬೇಕು. ಕರೆಯಲ್ಲಿ ಮುಳುಗಿದವರು ಕೊಡುವುದಿಲ್ಲ.

ರೈಲಿನ ಹಾಗೆ ಒಂದು ಭಾಗದಲ್ಲಿ ಮಾತ್ರ ಬಿಡೋಣ ಅನ್ನುವವರಿದ್ದಾರೆ. ರೈಲಿನ ಬೋಗಿಗಳ ನಡುವೆ ಗೋಡೆ, ಬಾಗಿಲು ಇವೆ. ವಿಮಾನದಲ್ಲಿ ಪರದೆ ಮಾತ್ರ. ಹೆಚ್ಚು ಜನ ಕೂರುವ ಭಾಗದಲ್ಲಿ ಇದು ನಡೆಯುವ ಮಾತಲ್ಲ.

ಹೊತ್ತಿನ ಮೇಲೆ ಮಿತಿ ಹಾಕುವುದು ಇನ್ನೊಂದು. ವಿಮಾನದೊಳಗಿನ ಪುಟ್ಟ ಟವರ್ ವ್ಯವಸ್ಥೆಯಲ್ಲಿ ಮೆಸೇಜ್ ಬಿಟ್ಟು ಮಾತು ಮಾತ್ರ ಆಫ್ ಮಾಡುವ ಸೌಲಭ್ಯ ಇರುತ್ತದೆ. ರಾತ್ರಿ ಆಫ್, ಹಗಲು ಆನ್ ಮಾಡಬಹುದು. ಇದು ಅಷ್ಟು ಕೆಟ್ಟ ಆಯ್ಕೆಯಲ್ಲ. ಆದರೆ ವೈಫೈ ಮೂಲಕ ಹೋಗುವ ಕರೆಗಳಿಗೆ ಬೇರೆಯೇ ತಡೆ ಬೇಕು. ಒಂದು ಆ್ಯಪ್ ತಡೆದರೆ ಇನ್ನೊಂದರಲ್ಲಿ ಹೋಗುತ್ತದೆ, ನಿಮ್ಮ ಕರೆ ಹೋದದ್ದೂ ಹಾಗೇ ಇರಬೇಕು.

ನಾನು ಒಪ್ಪುವುದು ಮೆಸೇಜ್‌ಗೆ ಪೂರ್ತಿ ಅವಕಾಶ, ಮಾತಿಗೆ ತಡೆ, ತುರ್ತು ಇದ್ದರೆ ಸಿಬ್ಬಂದಿಯ ಒಪ್ಪಿಗೆ ಪಡೆದು ಹಿಂದಿನ ಅಡುಗೆ ಕಟ್ಟೆಯ ಬಳಿ ನಿಂತು ಎರಡು ನಿಮಿಷ ಮಾತಾಡಲು ಬಿಡುವುದು. ಇದರಲ್ಲೂ ತೊಂದರೆ ಇದೆ. ಯಾವುದು ತುರ್ತು ಅಂತ ಹೇಳುವವರು ಯಾರು? ಓದು ಬರಹ ಬಾರದ ಅಮ್ಮನಿಗೆ ಮೆಸೇಜ್ ಹೇಗೆ ಕಳಿಸುವುದು? ಇವಕ್ಕೆ ಮನುಷ್ಯರೇ ಮನುಷ್ಯರನ್ನು ನೋಡಿ ಉತ್ತರ ಹುಡುಕಬೇಕು. ಅದರ ಜೊತೆಗೆ ಕಂಪನಿಗಳು ನಿಜ ಕಾರಣ ಹೇಳಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. 'ಸುರಕ್ಷತೆಗಾಗಿ' ಅನ್ನುವ ಮಾತನ್ನು ಎಲ್ಲದಕ್ಕೂ ಬಳಸಿದರೆ, ಮಂಜಿನ ರಾತ್ರಿ ನಿಜವಾಗಿ ಸುರಕ್ಷತೆಗಾಗಿ ಆಫ್ ಮಾಡಿ ಅಂದಾಗ ಯಾರೂ ನಂಬುವುದಿಲ್ಲ. 'ಪಕ್ಕದವರು ಮಲಗಿದ್ದಾರೆ, ದಯವಿಟ್ಟು ಬೇಡ' ಅಂದರೆ ಸಾಕಲ್ವಾ? ನಿಮಗೂ ಅವತ್ತು ಹಾಗೆ ಹೇಳಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಒಂದು ಎಚ್ಚರಿಕೆ. ವಿಮಾನದೊಳಗಿನ ಮೊಬೈಲ್ ಜಾಲ ಮತ್ತು ವೈಫೈ ಎರಡೂ ಬೇರೆ ಬೇರೆ. ಮೊಬೈಲ್ ಜಾಲ ಇದ್ದ ವಿಮಾನದಲ್ಲಿ ಫ್ಲೈಟ್ ಮೋಡ್ ಹಾಕದಿದ್ದರೆ ಫೋನ್ ತಾನಾಗಿಯೇ ಅದಕ್ಕೆ ಸೇರಿಕೊಳ್ಳಬಹುದು. ಅದು ರೋಮಿಂಗ್, ಸಾಮಾನ್ಯ ಪ್ಯಾಕ್‌ಗಳಲ್ಲಿ ಹೆಚ್ಚಾಗಿ ಸೇರಿರುವುದಿಲ್ಲ. ಹಿನ್ನೆಲೆಯಲ್ಲಿ ಆ್ಯಪ್‌ಗಳು ಡೇಟಾ ಎಳೆದು ದೊಡ್ಡ ಬಿಲ್ ಬರಬಹುದು. ನೀವು ಮರೆತಿದ್ದು ಹೇಳಿದಿರಲ್ಲ, ಒಮ್ಮೆ ಬಿಲ್ ನೋಡಿಕೊಳ್ಳಿ.

ಮುಂದಿನ ಸಲ ಇಂಥದ್ದೇ ಸಂದರ್ಭ ಬಂದರೆ ಹೀಗೆ ಮಾಡಿ. ಹತ್ತುವಾಗಲೇ ಗಗನಸಖಿಗೆ 'ತಂದೆ ಆಸ್ಪತ್ರೆಯಲ್ಲಿದ್ದಾರೆ' ಅಂತ ಒಂದು ಮಾತು ಹೇಳಿಡಿ. ತೀರಾ ಅಗತ್ಯ ಬಿದ್ದರೆ ಪೈಲಟ್‌ಗೆ ತನ್ನ ಕಂಪನಿಯ ನೆಲದ ಕಚೇರಿಗೆ ಸಂದೇಶ ಕಳಿಸುವ ದಾರಿ ಬೇರೆಯೇ ಇರುತ್ತದೆ. ವಿಮಾನದ ನಂಬರ್, ಇಳಿಯುವ ಹೊತ್ತು ಅಕ್ಕನ ಹತ್ತಿರ ಇರಲಿ. ಕರೆ ಬೇಡ, ಎರಡು ಗಂಟೆಗೊಮ್ಮೆ ಒಂದು ಸಾಲು ಬರೆದು ಕಳಿಸು ಅಂತ ಅವರಿಗೆ ಹೇಳಿ: ಜ್ವರ ಇದೆಯಾ, ಊಟ ಮಾಡಿದರಾ, ಡಾಕ್ಟರ್ ಏನಂದರು. ವೈಫೈ ಆಗಾಗ ಕಡಿಯುತ್ತದೆ, ಮೆಸೇಜ್ ತಡವಾದರೆ ಗಾಬರಿ ಬೇಡ ಅಂತಲೂ ಇಬ್ಬರೂ ಮೊದಲೇ ಮಾತಾಡಿಕೊಳ್ಳಿ. ತಂದೆಯವರು ಬೇಗ ಚೇತರಿಸಿಕೊಳ್ಳಲಿ.